ಬಿಟ್ಟಿ ಅನ್ನಬೇಡಿ ಸ್ವಾಮಿ, ಮೊದಲು ಲೆಕ್ಕ ಕೊಡಿ!

ನಮ್ಮ ದಾವಣಗೆರೆಯ ಯಾವ ಹೋಟೆಲಿನಲ್ಲಿ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಬೆಣ್ಣೆ ದೋಸೆ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಯಜಮಾನರೊಬ್ಬರು ಹೇಳುತ್ತಾರೆ: "ಟ್ಯಾಕ್ಸ್ ಕಟ್ಟೋರು ನಾವು ರೀ, ಬಿಟ್ಟಿ ತಿನ್ನೋರು ಅವರು." ಅತ್ತ ವೇದಿಕೆ ಮೇಲೆ ನಿಂತ ಮಂತ್ರಿ ಮಹಾಶಯರು ಹೇಳುತ್ತಾರೆ: "ಬಡವರಿಗೆ ನಾವು ಕೊಟ್ಟೆವು." ಒಬ್ಬರಿಗೆ ಬಡವ ಬಿಟ್ಟಿ ತಿನ್ನುವವ, ಇನ್ನೊಬ್ಬರಿಗೆ ಕೈಯೊಡ್ಡುವವ. ಅವನೂ ತೆರಿಗೆ ಕಟ್ಟುತ್ತಾನೆ ಅನ್ನುವ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ.

ಆದರೆ ಕಟ್ಟುತ್ತಾನೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಕಟ್ಟುತ್ತಾನೆ. ಅವನ ಕೈಗೆ ರಸೀದಿ ಸಿಗೋದಿಲ್ಲ, ಅಷ್ಟೇ ವ್ಯತ್ಯಾಸ. ಇವತ್ತಿನ ಅಂಕಣ ಆ ರಸೀದಿ ಇಲ್ಲದ ತೆರಿಗೆಯ ಬಗ್ಗೆ.

ಹಮಾಲನೂ ತೆರಿಗೆದಾರನೇ

ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲನನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಹಲ್ಲುಜ್ಜುವ ಪೇಸ್ಟು, ಮೈಗೆ ಹಚ್ಚುವ ಸೋಪು, ಹೆಂಡತಿ ಮಕ್ಕಳ ತಲೆಗೆಣ್ಣೆ. ಇವುಗಳ ಮೇಲೆ 2017ರ ಜುಲೈನಿಂದ 2025ರ ಸೆಪ್ಟೆಂಬರ್ ತನಕ ಶೇ. 18 ಜಿಎಸ್‌ಟಿ ಇತ್ತು. 20 ರೂಪಾಯಿ ಕೊಟ್ಟು ಪೇಸ್ಟು ತಂದರೆ ಅದರಲ್ಲಿ 3 ರೂಪಾಯಿ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಿದರು, ಹಬ್ಬದ ಉಡುಗೊರೆ ಅಂತ ಡಂಗುರ ಹೊಡೆದರು. ಇಳಿಸಿದ್ದು ಒಳ್ಳೆಯದೇ. ಆದರೆ ಎಂಟು ವರ್ಷ ಕಿತ್ತುಕೊಂಡದ್ದಕ್ಕೆ ಯಾರೂ ಡಂಗುರ ಹೊಡೆಯಲಿಲ್ಲ ನೋಡಿ.

ಮಂಡಕ್ಕಿಯ ವಿಷಯ ಕೇಳಿ. ಮಂಡಕ್ಕಿ ಮಿರ್ಚಿ ಇಲ್ಲದೆ ನಮ್ಮೂರಿನ ಸಂಜೆ ಇಲ್ಲ. ಭಟ್ಟಿಯ ಹೊಗೆಯಲ್ಲಿ ಬೆಂದು ಮಂಡಕ್ಕಿ ಹುರಿಯುವ ಕುಟುಂಬಗಳು ಇಲ್ಲಿ ಎಷ್ಟೋ ಇವೆ. 2022ರ ಜುಲೈ 18ರಿಂದ ಆ ಮಂಡಕ್ಕಿಯನ್ನೂ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದರೆ ಶೇ. 5 ತೆರಿಗೆ ಬಿತ್ತು. ಸೇರಿನಲ್ಲಿ ಅಳೆದು ಕೊಟ್ಟರೆ ಇಲ್ಲ. ಅಂದರೆ ಭಟ್ಟಿಯವನು ತಾನೇ ಪ್ಯಾಕೆಟ್ ಮಾಡಿ, ಹೆಸರು ಹಾಕಿ, ನಾಲ್ಕು ಕಾಸು ಹೆಚ್ಚು ದುಡಿಯೋಣ ಅಂದರೆ ತೆರಿಗೆ ಎದುರಿಗೆ ಬಂದು ನಿಲ್ಲುತ್ತೆ.

ಅಕ್ಕಿಯದು ಇನ್ನೂ ತಮಾಷೆ. ಲೇಬಲ್ ಇರುವ 25 ಕೆ.ಜಿ. ಮತ್ತು ಅದಕ್ಕಿಂತ ಸಣ್ಣ ಪ್ಯಾಕೆಟ್ಟಿಗೆ ಮಾತ್ರ ತೆರಿಗೆ ಅಂದರು. ಮರುದಿನವೇ ಅಂಗಡಿಗೆ 26 ಕೆ.ಜಿ. ಚೀಲ ಬಂತು! ಒಂದೇ ಸಲಕ್ಕೆ 26 ಕೆ.ಜಿ. ಕೊಳ್ಳುವ ಶಕ್ತಿ ಇದ್ದವನು ತೆರಿಗೆಯಿಂದ ಪಾರಾದ. ಸಂಬಳ ಬಂದಷ್ಟಕ್ಕೆ 5 ಕೆ.ಜಿ. ಪ್ಯಾಕೆಟ್ ತಂದವನು ಸಿಕ್ಕಿಬಿದ್ದ.

ಇನ್ನು ಹೋಟೆಲಿನ ಯಜಮಾನರ ಕಡೆ ತಿರುಗೋಣ. 2025ರ ಫೆಬ್ರುವರಿ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಹೊಸ ಪದ್ಧತಿಯಡಿ ವರ್ಷಕ್ಕೆ 12 ಲಕ್ಷ ರೂಪಾಯಿ ತನಕದ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಂತೆ ಮಾಡಿತು. ತಿಂಗಳಿಗೆ ಲಕ್ಷ ದುಡಿಯುವವರಿಗೆ ಸೊನ್ನೆ. ಹಮಾಲನಿಗೆ ಸೋಪಿನಿಂದ ಹಿಡಿದು ಎಲ್ಲದರ ಮೇಲೂ ತೆರಿಗೆ. ಬಿಟ್ಟಿ ತಿನ್ನುವವರು ಯಾರು ಅಂತ ಈಗ ಹೇಳಿ ಸ್ವಾಮಿ.

ಡೀಸೆಲ್ ಏರಿದರೆ ಎಲ್ಲ ಏರಿದಂತೆ

ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರ್ಕಾರದ ಕೈಯಲ್ಲಿ ಸ್ವಂತವಾಗಿ ಏರಿಸಲು ಉಳಿದ ತೆರಿಗೆಗಳು ಕೆಲವೇ. ಪೆಟ್ರೋಲ್ ಡೀಸೆಲ್, ಹೆಂಡ, ವಾಹನ, ಆಸ್ತಿ ನೋಂದಣಿ. ಹಾಗಾಗಿ ದುಡ್ಡು ಬೇಕಾದಾಗೆಲ್ಲ ವಿಧಾನಸೌಧದ ಕೈ ಈ ನಾಲ್ಕು ಡಬ್ಬಿಗಳಿಗೇ ಹೋಗುತ್ತೆ.

2024ರ ಜೂನ್ 4ಕ್ಕೆ ಲೋಕಸಭೆ ಚುನಾವಣೆ ಫಲಿತಾಂಶ ಬಂತು. ಹನ್ನೊಂದೇ ದಿನ ಕಾದರು. ಜೂನ್ 15ಕ್ಕೆ ಪೆಟ್ರೋಲ್ ಮಾರಾಟ ತೆರಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲ್ಲಿನದು ಶೇ. 14.3ರಿಂದ 18.4ಕ್ಕೆ ಏರಿತು. ಎರಡೂ ಲೀಟರಿಗೆ 3 ರೂಪಾಯಿ ಜಾಸ್ತಿ. ಓಟು ಹಾಕುವ ಮುಂಚೆ ಈ ಮಾತು ಯಾಕೆ ಬರಲಿಲ್ಲ ಅಂತ ಕೇಳಬೇಡಿ. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಮತ್ತೆ ಏರಿ ಶೇ. 21.17 ಆಯಿತು, ಲೀಟರಿಗೆ ಇನ್ನೊಂದು 2 ರೂಪಾಯಿ. ಲಾರಿ ಮಾಲೀಕರು ಅದೇ ಏಪ್ರಿಲ್‌ನಲ್ಲಿ ಮುಷ್ಕರ ಹೂಡಿದ್ದು ನೆನಪಿರಬಹುದು.

ಒಂದು ಸಣ್ಣ ಲೆಕ್ಕ ಹಾಕೋಣ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 520 ಕಿಲೋಮೀಟರ್. ಲಾರಿ ಲೀಟರಿಗೆ 4 ಕಿಲೋಮೀಟರ್ ಓಡುತ್ತೆ ಅಂತ ಇಟ್ಟುಕೊಳ್ಳಿ. 130 ಲೀಟರ್ ಬೇಕು. ಈ ಎರಡು ಏರಿಕೆಯಿಂದಲೇ ಒಂದು ಟ್ರಿಪ್ಪಿಗೆ 650 ರೂಪಾಯಿ ಹೆಚ್ಚು. ಲಾರಿಯವನು ಅದನ್ನು ಜೇಬಿನಿಂದ ಹಾಕುತ್ತಾನೆಯೇ? ಬಾಡಿಗೆಗೆ ಸೇರಿಸುತ್ತಾನೆ. ಸಗಟು ವ್ಯಾಪಾರಿ ದರಕ್ಕೆ ಸೇರಿಸುತ್ತಾನೆ. ಕಿರಾಣಿ ಅಂಗಡಿಯವನು ಬೇಳೆಗೆ, ಎಣ್ಣೆಗೆ, ಬೆಲ್ಲಕ್ಕೆ ಸೇರಿಸುತ್ತಾನೆ. ಕೊನೆಗೆ ಯಾರ ಹೆಗಲಿಗೂ ದಾಟಿಸಲಾಗದೆ ಉಳಿಯುವವಳು ಮನೆ ನಡೆಸುವ ಹೆಣ್ಣುಮಗಳು ಒಬ್ಬಳೇ. ಸ್ಕೂಟರ್ ಇಲ್ಲದವರೂ ಹೀಗೆ ಡೀಸೆಲ್ ತೆರಿಗೆ ಕಟ್ಟುತ್ತಾರೆ.

ಬಲಗೈಲಿ ಕೊಟ್ಟು ಎಡಗೈಲಿ ತಗೊಂಡ್ರು

ಗ್ಯಾರಂಟಿ ಬೇಡ ಅನ್ನುವ ಗುಂಪಿಗೆ ಈ ಅಂಕಣ ಸೇರಿದ್ದಲ್ಲ. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾದ ಮೇಲೆ ಎಷ್ಟೋ ಮನೆಗಳಲ್ಲಿ ಹೆಂಗಸರು ಗಂಡನ ಮುಂದೆ ಕೈಚಾಚದೆ ಮಕ್ಕಳ ಫೀಸು ಕಟ್ಟಿದ್ದಾರೆ, ಮಾತ್ರೆ ತಂದಿದ್ದಾರೆ. ಅದನ್ನು ಹೀಗಳೆಯುವವನಿಗೆ ಸಂಸಾರ ಗೊತ್ತಿಲ್ಲ.

ತಕರಾರು ಎಡಗೈಯದ್ದು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಬಸ್ಸಿನಲ್ಲಿ ಮದುವೆಗೆ ಹೊರಟರು ಅನ್ನಿ. ಹೆಂಡತಿಗೆ ಸೊನ್ನೆ ಟಿಕೆಟ್. 2025ರ ಜನವರಿ 5ರಿಂದ ಗಂಡನ ಟಿಕೆಟ್ ಶೇ. 15 ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸೇ ಗತಿಯಾದ ಹಳ್ಳಿಗಳು ಬೇಕಾದಷ್ಟಿವೆ. ಅಲ್ಲಿನ ಹೆಣ್ಣುಮಗಳಿಗೆ ಶಕ್ತಿ ಯೋಜನೆಯೂ ಇಲ್ಲ, ಡೀಸೆಲ್ ಏರಿಕೆಯ ಟಿಕೆಟ್ ಮಾತ್ರ ತಪ್ಪಲಿಲ್ಲ.

ಮನೆಯ ಕರೆಂಟ್ ಬಿಲ್ ಸೊನ್ನೆ, ಸಂತೋಷ. ಆದರೆ 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆಯ ಸರ್ಚಾರ್ಜ್ ಬಂತು. ಯಾತಕ್ಕೆ? ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆ. ಹಿಟ್ಟಿನ ಗಿರಣಿಯವನಿಗೆ ಗೃಹಜ್ಯೋತಿ ಇಲ್ಲ. ಅವನು ಕಟ್ಟಿದ ಪೈಸೆ ಜೋಳ ಬೀಸುವ ದರಕ್ಕೆ ಬಂದು ಕೂರುತ್ತೆ. ನೌಕರರ ಪಿಂಚಣಿ ನ್ಯಾಯವಾದದ್ದೇ. ಅದಕ್ಕೆ ದುಡ್ಡು ತೆಗೆದಿಡುವುದು ಇಲಾಖೆಯ ಕೆಲಸವಾಗಿತ್ತಲ್ಲವೇ?

ಹಾಲಿನ ದರ ಅದೇ ದಿನ ಲೀಟರಿಗೆ 4 ರೂಪಾಯಿ ಏರಿತು. ಅದು ತೆರಿಗೆಯಲ್ಲ, ರೈತನಿಗೆ ಹೋಗುತ್ತೆ ಅಂದರು. ಹೋಗಲಿ, ಹಸು ಕಟ್ಟಿದವನಿಗೂ ಹಿಂಡಿ ಬೂಸಾ ದುಬಾರಿ. ಆದರೆ ದಿನಕ್ಕೊಂದು ಲೀಟರ್ ಕೊಳ್ಳುವ ಮನೆಯಿಂದ ತಿಂಗಳಿಗೆ 120 ರೂಪಾಯಿ ಹೋಗಿದ್ದು ನಿಜ.

ಎಲ್ಲಕ್ಕಿಂತ ಸಿಟ್ಟು ಬರುವುದು ಛಾಪಾ ಕಾಗದದ ವಿಷಯಕ್ಕೆ. 2024ರಲ್ಲಿ ಅಫಿಡವಿಟ್ಟಿನ ಛಾಪಾ ಶುಲ್ಕವನ್ನು 20 ರೂಪಾಯಿಯಿಂದ 100ಕ್ಕೆ ಏರಿಸಿದರು. ಐದು ಪಟ್ಟು! ಅಫಿಡವಿಟ್ ಯಾರಿಗೆ ಬೇಕು? ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವವನಿಗೆ, ಸರ್ಟಿಫಿಕೇಟ್ ಕಳೆದುಕೊಂಡ ಹುಡುಗನಿಗೆ, ಗಂಡ ಸತ್ತ ಮೇಲೆ ಕಾಗದಪತ್ರ ಮಾಡಿಸುವ ವಿಧವೆಗೆ. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿತು. 10 ಲಕ್ಷದ ಸಣ್ಣ ಸೈಟು ಕೊಳ್ಳುವವನಿಗೆ 10,000 ಇದ್ದದ್ದು 20,000.

ಇನ್ನು ಹೆಂಡ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 20 ಏರಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಗುರಿ ಇಟ್ಟದ್ದು 40,000 ಕೋಟಿ, ಗೃಹಲಕ್ಷ್ಮಿಗೆ ತೆಗೆದಿಟ್ಟದ್ದು 28,608 ಕೋಟಿ. ಕುಡಿಯಿರಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಹೆಂಡತಿಯ ಖಾತೆಗೆ ತಿಂಗಳಿಗೊಮ್ಮೆ ಹಾಕಿದ್ದನ್ನು ಗಂಡನ ಕ್ವಾರ್ಟರಿನಲ್ಲಿ ದಿನಾ ಸಂಜೆ ವಸೂಲು ಮಾಡುವ ಖಜಾನೆ "ಕೊಟ್ಟೆ ಕೊಟ್ಟೆ" ಅಂತ ಎದೆ ತಟ್ಟಿಕೊಳ್ಳಬಾರದು ಅಂತ ಹೇಳುತ್ತಿದ್ದೇವೆ.

ಡೆಲ್ಲಿಯವರು ಸಾಚಾ ಅಲ್ಲ

ಇಷ್ಟು ಓದಿ ವಿರೋಧ ಪಕ್ಷದ ಮಿತ್ರರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರೆ ದಯವಿಟ್ಟು ಇಳಿಸಿ. 2022ರ ಮೇನಲ್ಲಿ ಸುಂಕ ಇಳಿಸಿದ ಮೇಲೂ ಕೇಂದ್ರ ಪೆಟ್ರೋಲ್ ಮೇಲೆ ಲೀಟರಿಗೆ 19 ರೂಪಾಯಿ 90 ಪೈಸೆ ತೆಗೆದುಕೊಳ್ಳುತ್ತಿತ್ತು. ಅದರಲ್ಲಿ ರಾಜ್ಯಗಳ ಜತೆ ಹಂಚಿಕೊಳ್ಳುವ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ಸೆಸ್ಸು, ಸರ್ಚಾರ್ಜು. ಅದರಲ್ಲಿ ರಾಜ್ಯಕ್ಕೆ ಪಾಲಿಲ್ಲ. 2025ರ ಏಪ್ರಿಲ್ 8ಕ್ಕೆ ಮತ್ತೆ 2 ರೂಪಾಯಿ ಸುಂಕ ಏರಿಸಿದರು, ಅದೇ ದಿನ ಅಡುಗೆ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ. ಉಜ್ವಲದ ಬಡ ಹೆಂಗಸರನ್ನೂ ಬಿಡಲಿಲ್ಲ. ಆಗ ಕಚ್ಚಾ ತೈಲದ ಬೆಲೆ ಇಳಿಯುತ್ತಿತ್ತು. ಅದರ ಲಾಭ ಬಂಕಿನ ತನಕ ಬರುವ ಮೊದಲೇ ಡೆಲ್ಲಿಯಲ್ಲಿ ಇಳಿಸಿಕೊಂಡರು.

ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಕುಸಿಯಿತು. ಬೆಂಗಳೂರಿನವರು ಇದನ್ನು ತೋರಿಸಿ ಡೆಲ್ಲಿಗೆ ಬೈಯುತ್ತಾರೆ, ಡೆಲ್ಲಿಯವರು ಗ್ಯಾರಂಟಿ ತೋರಿಸಿ ಬೆಂಗಳೂರಿಗೆ ಬೈಯುತ್ತಾರೆ. ಇಬ್ಬರ ಬೈಗುಳದಲ್ಲೂ ಸತ್ಯವಿದೆ. ಆದರೆ ಇಬ್ಬರ ಜಗಳದಲ್ಲಿ ಹಮಾಲನ ಜೇಬಿಗೆ ಒಂದು ಪೈಸೆಯೂ ವಾಪಸ್ ಬಂದಿಲ್ಲ.

ನಮ್ಮೂರಿನ ಕಂದಾಯ, ನಮ್ಮೂರಿನ ಗ್ರಂಥಾಲಯ

ಡೆಲ್ಲಿ, ಬೆಂಗಳೂರು ದೂರ. ಮಹಾನಗರ ಪಾಲಿಕೆ ಕೈಗೆಟುಕುವಷ್ಟು ಹತ್ತಿರ. ಮನೆ ಕಂದಾಯದ ಚಲನ್ ತೆಗೆದು ನೋಡಿ. ಆಸ್ತಿ ತೆರಿಗೆಯ ಕೆಳಗೆ ಬಾಲದಂತೆ ಕರಗಳು ಇರುತ್ತವೆ. ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಸಾವಿರ ರೂಪಾಯಿ ತೆರಿಗೆಗೆ 240 ರೂಪಾಯಿ ಬಾಲ.

"ನನಗೆ ಸ್ವಂತ ಮನೆಯೇ ಇಲ್ರೀ" ಅನ್ನುವ ಬಾಡಿಗೆದಾರ ಖುಷಿ ಪಡಬೇಕಿಲ್ಲ. ಮಾಲೀಕ ಅದನ್ನು ಬಾಡಿಗೆಗೆ ಹಾಕಿರುತ್ತಾನೆ. 2021ರಿಂದ ಆಸ್ತಿ ತೆರಿಗೆಗೆ ಮಾರ್ಗಸೂಚಿ ಬೆಲೆಯೇ ಆಧಾರ. ಬೆಲೆ ಏರಿದಂತೆ ತೆರಿಗೆ, ತೆರಿಗೆ ಏರಿದಂತೆ ಬಾಲ, ಬಾಲ ಬೆಳೆದಂತೆ ಬಾಡಿಗೆ.

ಕಟ್ಟೋಣ, ಬೇಡ ಅನ್ನುವುದಿಲ್ಲ. ಗ್ರಂಥಾಲಯ ಕರ ಅನ್ನುವುದು 1965ರ ಗ್ರಂಥಾಲಯ ಕಾನೂನಿನ ಪುಣ್ಯ. ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗ ಹುಡುಗಿಯರು ಪೊಲೀಸ್ ಪರೀಕ್ಷೆಗೆ, ಕೆಪಿಎಸ್ಸಿ ಪರೀಕ್ಷೆಗೆ ಓದುವುದು ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ. ಆದರೆ ಜನರಿಂದ ವಸೂಲು ಮಾಡಿದ ಈ ಕರವನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳು ರಾಜ್ಯದಲ್ಲಿ ಹಲವಿವೆ. ಓದುವ ಮಗುವಿನ ಹೆಸರಲ್ಲಿ ತೆಗೆದುಕೊಂಡ ದುಡ್ಡನ್ನು ಇನ್ಯಾವುದೋ ಬಿಲ್ಲಿಗೆ ಹಾಕುವುದಕ್ಕೆ ಏನು ಹೆಸರು ಇಡಬೇಕೋ ಓದುಗರೇ ಇಡಲಿ.

ಏನು ಕೇಳಬೇಕು?

ತೆರಿಗೆ ಇಲ್ಲದೆ ಸರ್ಕಾರ ನಡೆಯೋಲ್ಲ. ಆಸ್ಪತ್ರೆ, ಶಾಲೆ, ರಸ್ತೆ ಎಲ್ಲ ಅದರಿಂದಲೇ. ನಮ್ಮ ಬೇಡಿಕೆ ನಾಲ್ಕೇ.

ಒಂದು: ತೆರಿಗೆ ಏರಿಸುವುದಿದ್ದರೆ ಬಜೆಟ್ಟಿನಲ್ಲಿ, ಸದನದಲ್ಲಿ, ಎಲ್ಲರ ಎದುರು ಏರಿಸಿ. ಚುನಾವಣೆ ಮುಗಿದ ವಾರಕ್ಕೆ ಅಧಿಸೂಚನೆ ಹೊರಡಿಸುವ ಚಾಳಿ ಬಿಡಿ.

ಎರಡು: ಪೆಟ್ರೋಲ್ ಬಂಕಿನ ಬಿಲ್ಲಿನಲ್ಲಿ ಎಣ್ಣೆಯ ಬೆಲೆ ಎಷ್ಟು, ಕೇಂದ್ರದ ಪಾಲು ಎಷ್ಟು, ರಾಜ್ಯದ ಪಾಲು ಎಷ್ಟು ಅಂತ ಕನ್ನಡದಲ್ಲಿ ಅಚ್ಚು ಹಾಕಿಸಿ. ಯಾರು ಎಷ್ಟು ತಗೊಂಡ್ರು ಅಂತ ಕೊಟ್ಟವನಿಗೆ ಗೊತ್ತಾಗಲಿ.

ಮೂರು: ಅಫಿಡವಿಟ್ಟಿನ ಶುಲ್ಕ ಮತ್ತೆ 20 ರೂಪಾಯಿಗೆ ಬರಲಿ. ಬಡವನ ಕಾಗದದಿಂದ ಖಜಾನೆ ತುಂಬಬೇಕಾಗಿಲ್ಲ.

ನಾಲ್ಕು: ಕಳೆದ ಐದು ವರ್ಷದಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ಹೋಯಿತು, ಎಷ್ಟು ಬಾಕಿ? ಪಾಲಿಕೆ ಕಚೇರಿಯ ಬಾಗಿಲಿಗೆ ಒಂದು, ಗ್ರಂಥಾಲಯದ ಬಾಗಿಲಿಗೆ ಒಂದು ಬೋರ್ಡು ಹಾಕಿ. ಮೇಯರ್ ಇರಲಿ, ಆಡಳಿತಾಧಿಕಾರಿ ಇರಲಿ, ಬೋರ್ಡಿಗೆ ಬೇಕಾದದ್ದು ಸ್ವಲ್ಪ ಬಣ್ಣ, ಸ್ವಲ್ಪ ಮರ್ಯಾದೆ.

ಬೋರ್ಡು ಬರುವ ತನಕ ಓದುಗರು ಸುಮ್ಮನೆ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಬಿಳಿ ಹಾಳೆಯಲ್ಲಿ ಈ ಮೂರು ಪ್ರಶ್ನೆ ಬರೆದು ಪಾಲಿಕೆಗೆ ಕೊಡಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ವಾರ್ಡಿಗೆ ಒಬ್ಬರು ಕೇಳಿದರೂ ಸಾಕು, ಕಡತ ಕಪಾಟಿನಿಂದ ಕೆಳಗಿಳಿಯುತ್ತೆ. ಬಂದ ಉತ್ತರವನ್ನು ನಮಗೆ ತಲುಪಿಸಿ, ಇದೇ ಜಾಗದಲ್ಲಿ ಅಚ್ಚಾಗುತ್ತೆ.