ಗಾರೆಯವನ ಮಗನಿಗೆ ಡಾಕ್ಟರ್ ಪದವಿ ಬೇಡವೇ?

ಮಧುಗಿರಿ ತಾಲ್ಲೂಕಿನ ತರುಣನೊಬ್ಬ ಹೋದ ವಾರ ನಮ್ಮನ್ನು ಕಾಣಲು ಬಂದಿದ್ದ. ನಾವು ಮೇಷ್ಟರಾಗಿದ್ದಾಗ ನಮ್ಮೆದುರು ನಿಂತು ಮಗ್ಗಿ ಒಪ್ಪಿಸಿದ ಹುಡುಗ. ತಂದೆ ಗಾರೆ ಕೆಲಸದವರು. ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಎಂ.ಟೆಕ್. ಕೂಡ ಮಾಡಿದ್ದಾನೆ. ಈಗ ನಿರ್ಮಾಣ ನಿರ್ವಹಣೆ ಎಂಬ ಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆಯಬೇಕೆಂಬ ಆಸೆ ಅವನದು. ಇತ್ತ ಬೆಂಗಳೂರಿನ ಕಂಟ್ರಾಕ್ಟರೊಬ್ಬರು ಕೆಲಸಕ್ಕೆ ಕರೆದಿದ್ದಾರೆ. "ಮೇಷ್ಟ್ರೇ, ಓದಲೋ ದುಡಿಯಲೋ, ನೀವೇ ಹೇಳಿ" ಎಂದ. ಪಕ್ಕದಲ್ಲಿದ್ದ ಅಂಗಡಿಯ ಮಿತ್ರರು, "ಮನೆ ಕಟ್ಟೋಕೆ ಮೇಸ್ತ್ರಿ ಸಾಲದೆ? ಅದಕ್ಕೂ ಡಾಕ್ಟರು ಬೇಕೇನಪ್ಪ?" ಎಂದು ನಕ್ಕರು. ನಗು ಬಂದದ್ದು ಸಹಜ. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ.

ಮನೆ ಕಟ್ಟಿಸಿದವರಿಗೆಲ್ಲ ಈ ಶಾಸ್ತ್ರದ ಮೊದಲ ಪಾಠ ಗೊತ್ತೇ ಇದೆ. ಪಾಯ ಆಗದೆ ಗೋಡೆ ಏಳದು, ಗೋಡೆ ಏಳದೆ ತಾರಸಿ ಬೀಳದು. ಮರಳಿನ ಲಾರಿ ಒಂದು ದಿನ ತಪ್ಪಿದರೆ ಹತ್ತು ಜನರ ಕೂಲಿ ತಪ್ಪುತ್ತದೆ. ಬಾಗಿಲಿನ ಬಣ್ಣ ಎರಡು ದಿನ ತಡವಾದರೆ ಯಾರಿಗೂ ನಷ್ಟವಿಲ್ಲ. ಯಾವ ಕೆಲಸ ತಡವಾದರೆ ಇಡೀ ಕಾಮಗಾರಿ ತಡವಾಗುತ್ತದೆ ಎಂದು ಮೊದಲೇ ಲೆಕ್ಕಹಾಕುವ ಕ್ರಮವನ್ನು ಅಮೆರಿಕದ ಡುಪಾಂಟ್ ಕಂಪೆನಿಯವರು 1957ರ ಸುಮಾರಿಗೆ ರೂಪಿಸಿದರು. ಮರುವರ್ಷ ಅಲ್ಲಿನ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕೆ ಇಂಥದೇ ಕ್ರಮವನ್ನು ಬಳಸಿತು. ಮುಂದೆ ಅದು ದೊಡ್ಡ ಶಾಸ್ತ್ರವಾಗಿ ಬೆಳೆಯಿತು.

ಈ ಶಾಸ್ತ್ರಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಕೆಲಸವಿಲ್ಲವೇ? ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಹಾಯುವ ತುಮಕೂರು–ರಾಯದುರ್ಗ ರೈಲು ಮಾರ್ಗ 207 ಕಿಲೋಮೀಟರಿನದು. ಅದು ಮಂಜೂರಾದದ್ದು 2007-08ರಲ್ಲಿ. 2024 ಕಳೆದಾಗಲೂ ಪೂರ್ತಿಯಾಗಿರಲಿಲ್ಲ. ಶಿರಾ ಮೂಲಕ ಹೋಗಬೇಕಾದ ತುಮಕೂರು–ದಾವಣಗೆರೆ ಮಾರ್ಗದ ಕಥೆಯೂ ಬೇರೆಯಲ್ಲ. ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಹಾಕಿದ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ ಅದು 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿಗೆ ಏರಿತು. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಯೋಜಿಸಿದ್ದ ಜಲಾಶಯ, ಕೊರಟಗೆರೆಯ ಜಮೀನಿಗೊಂದು ಬೆಲೆ, ದೊಡ್ಡಬಳ್ಳಾಪುರದ ಜಮೀನಿಗೊಂದು ಬೆಲೆ ಎಂಬ ಪರಿಹಾರದ ವಿವಾದದಲ್ಲಿ ಸಿಕ್ಕಿಬಿತ್ತು. ಈ ಹಣ ಯಾರದು? ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆರಿಗೆ ಕೊಡುತ್ತಾನೆ. ಅಂಗಡಿಯಲ್ಲಿ ಒಂದು ಮೂಟೆ ಲೆಕ್ಕ ತಪ್ಪಿದರೆ ರಾತ್ರಿಯೆಲ್ಲ ಖಾತೆ ತಿರುವುವ ನಾವು, ಹದಿನೈದು ಸಾವಿರ ಕೋಟಿ ಏಕೆ ಏರಿತೆಂದು ಕೇಳುವುದು ಬೇಡವೇ? ಹಾಗೆ ಕೇಳಿ, ಕಡತ ತಿರುವಿ, ಕಾರಣ ಬರೆದಿಡುವ ಕೆಲಸಕ್ಕೇ ಸಂಶೋಧನೆ ಎಂದು ಹೆಸರು.

ಆದರೆ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕಾಗಿದೆ. ಪಾವಗಡದ ತಿರುಮಣಿ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಎದ್ದಿತು. ಮೊದಲ ಹಂತ 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಎಲ್ಲವೂ ಮುಗಿಯಿತು. ಜಮೀನನ್ನು ವಶಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದುದರಿಂದ ಕೆಲಸ ಬೇಗ ಸಾಗಿತು. ಕಾಲ ಮತ್ತು ಖರ್ಚಿನ ಅಳತೆಗೋಲಿನಲ್ಲಿ ಇದಕ್ಕೆ ನೂರಕ್ಕೆ ನೂರು ಅಂಕ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆಯ ಹಣದಲ್ಲಿ ಕಾಸೂ ಇಲ್ಲ, ಕೂಲಿಯೂ ಹೋಯಿತು. ಅವನಿಗೆ ಎಷ್ಟು ಅಂಕ ಕೊಡುತ್ತೀರಿ?

ಕಾಮಗಾರಿಗಳ ವಿಳಂಬವನ್ನು ಕುರಿತ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿಯೊಂದುಂಟು. ಮಾಲೀಕರಿಗೆ, ಸಲಹೆಗಾರರಿಗೆ, ಕಂಟ್ರಾಕ್ಟರರಿಗೆ ಪ್ರಶ್ನೆಗಳ ಹಾಳೆ ಹಂಚಿ, ಕಾರಣಗಳನ್ನು ಒಂದು, ಎರಡು, ಮೂರು ಎಂದು ಜೋಡಿಸುವುದು. ಬಾಂಡ್ಲಿ ಹೊತ್ತವಳನ್ನು, ಸೆಂಟ್ರಿಂಗ್ ಹಲಗೆಯ ಮೇಲೆ ನಿಂತವನನ್ನು ಕೇಳುವುದು ಅಪರೂಪ. ಬಟವಾಡೆ ವಾರವಾರ ಆಗದಿದ್ದರೆ ಆಳುಗಳು ಬೇರೆ ಕೆಲಸಕ್ಕೆ ಹೋಗುತ್ತಾರೆ, ಕಾಮಗಾರಿ ನಿಲ್ಲುತ್ತದೆ. ಹಾಳೆಯಲ್ಲಿ ಮಾತ್ರ "ಕಾರ್ಮಿಕರ ಕೊರತೆ" ಎಂದು ದಾಖಲಾಗುತ್ತದೆ. ಕಟ್ಟಡ ಕಾರ್ಮಿಕರಿಗೆಂದು ಸೆಸ್ಸು ಎತ್ತುವ ಕಾನೂನು 1996ರಲ್ಲಿ ಬಂದಿತು, ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ಕಣ್ಣುಬಿಟ್ಟದ್ದು 2007ರಲ್ಲಿ. ಈ ಹನ್ನೊಂದು ವರ್ಷದ ವಿಳಂಬ ಯಾವ ಪಟ್ಟಿಯಲ್ಲಿ ಸೇರಬೇಕು?

ಆದುದರಿಂದಲೇ ಗಾರೆಯವನ ಮಗ ಈ ಓದಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಕೆಲಸದ ಸ್ಥಳದಲ್ಲಿ ಯಾರನ್ನು ಏನು ಕೇಳಬೇಕೆಂದು ಅವನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಉಪವಾಸ ಕೂತು ಓದು ಎನ್ನುವ ಹಕ್ಕು ನಮಗಿಲ್ಲ. 2022ರ ಯುಜಿಸಿ ನಿಯಮದಂತೆ ಈ ಪದವಿಗೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷದ ಅವಕಾಶವುಂಟು. ಕೇಂದ್ರದ ಸಂಶೋಧನಾ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಸೂರತ್ಕಲ್ಲಿನಂಥ ಕೇಂದ್ರದ ಸಂಸ್ಥೆಗಳಲ್ಲಿ ಸೀಟು ಗೆದ್ದವನಿಗೆ ಅದು ಆಸರೆ. ಖಾಸಗಿ ಕಾಲೇಜಿನ ಸಂಶೋಧನಾ ಕೇಂದ್ರ ಸೇರಿದವರಿಗೆಲ್ಲ ಆ ಭಾಗ್ಯವಿಲ್ಲ. ಮನೆಯಲ್ಲಿ ಓದಿನ ಸಾಲ, ಅಪ್ಪನ ಸೊಂಟನೋವು, ತಂಗಿಯ ಫೀಜು. ಆರು ವರ್ಷ ಯಾರು ಕಾಯುತ್ತಾರೆ? ಹೀಗೆ ಪದವಿ ಕಾಯಬಲ್ಲವರ ಮಕ್ಕಳ ಪಾಲಾಗುತ್ತದೆ, ಪ್ರಶ್ನೆಗಳೂ ಅವರವೇ ಆಗುತ್ತವೆ.

ನಾವು ಕೇಳುವುದು ಮೂರೇ ಮಾತು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪೂರ್ತಿ ಹೊತ್ತು ಸಂಶೋಧನೆಗೆ ಕೂತ ಬಡವರ ಮಕ್ಕಳಿಗೆಲ್ಲ ತಿಂಗಳು ತಪ್ಪದೆ ವೇತನ ಬರಬೇಕು. ಸರ್ಕಾರದ ಹಣದ ಕಾಮಗಾರಿಗಳ ಹಾಜರಿ ಪುಸ್ತಕ, ಬಿಲ್ಲು, ಕಡತಗಳು ಸಂಶೋಧಕನಿಗೆ ಅರ್ಜಿಯ ಮೇಲೆ ಅರ್ಜಿಯಿಲ್ಲದೆ ಸಿಗಬೇಕು. ಇಂಗ್ಲಿಷಿನಲ್ಲಿ ಬರೆದು ಶೋಧಗಂಗಾ ಸಂಗ್ರಹದಲ್ಲಿ ಇರಿಸುವ ಪ್ರಬಂಧದ ಸಾರ ಕನ್ನಡದಲ್ಲಿ ಅಚ್ಚಾಗಿ, ಯಾವ ಊರಿನ ಕಾಮಗಾರಿಯೋ ಆ ಊರಿನ ಪಂಚಾಯ್ತಿಗೆ ಬರಬೇಕು.

ಹುಡುಗನಿಗೆ ನಾವು ಹೇಳಿದ್ದಿಷ್ಟು: "ವೇತನ ಸಿಗುವ ಕಡೆ ಅರ್ಜಿ ಹಾಕು. ಸಿಕ್ಕರೆ ಹೋಗು. ಸಿಗದಿದ್ದರೆ ಕೆಲಸಕ್ಕೆ ಸೇರು, ಆದರೆ ಕಂಡದ್ದನ್ನು ದಿನಾ ಬರೆದಿಡು, ಮುಂದೆ ಬೇಕಾಗುತ್ತದೆ. ಯಾವ ಹೊತ್ತಿಗೂ ನಿಮ್ಮಪ್ಪನನ್ನೇ ಮೊದಲ ಪ್ರಶ್ನೆ ಕೇಳು." ನಕ್ಕಿದ್ದ ಅಂಗಡಿಯ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಯ ಶುಲ್ಕ ಎಷ್ಟೆಂದು ವಿಚಾರಿಸಿದರು.