ಒಂದು ಲೋಚ್ ಕೊಡಿ ಸಾರ್, ಕ್ಲೀನಿಂಗಿಗೆ!

ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಯಲ್ಲಾದರೂ ಭಾನುವಾರ ಅರ್ಧ ಗಂಟೆ ನಿಂತು ನೋಡಿ, ಈ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತೆ. ಎರಡು ಗೋಲ್ಡ್‌ಫಿಷ್, ಒಂದು ಏಂಜೆಲ್, ಒಂದು ಶಾರ್ಕ್ (ಅದು ಶಾರ್ಕೇ ಅಲ್ಲ, ಆ ಮಾತು ಬಿಡಿ), ಕೊನೆಗೆ "ಕ್ಲೀನಿಂಗಿಗೆ ಒಂದು ಲೋಚ್". ಎಲ್ಲಾ ಒಂದೇ ಪ್ಲಾಸ್ಟಿಕ್ ಕವರಿಗೆ. ಯಾರಾದರೂ "ಇವೆಲ್ಲಾ ಒಟ್ಟಿಗೆ ಇರ್ತಾವಾ?" ಅಂತ ಕೇಳಿದರೆ ಅಂಗಡಿಯವನ ಉತ್ತರ ರೆಡಿ: "ಅಡ್ಜಸ್ಟ್ ಆಗುತ್ತೆ ಸಾರ್."

ನನ್ನ ಜಗಳ ಇರೋದು ಈ 'ಅಡ್ಜಸ್ಟ್' ಅನ್ನೋ ಪದದ ಜೊತೆ. ಸಿಟಿ ಬಸ್ಸಿನ ಸೀಟಿನಲ್ಲಿ ಅಡ್ಜಸ್ಟ್ ಮಾಡ್ಕೋಬಹುದು ಸ್ವಾಮಿ, ಉಸಿರಾಡೋ ವಿಷಯದಲ್ಲಿ ಹೇಗೆ ಅಡ್ಜಸ್ಟ್ ಮಾಡೋದು?

ಮೊದಲನೇದಾಗಿ, ಲೋಚ್ ಅನ್ನೋದು ಪೊರಕೆ ಅಲ್ಲ. ಅದು ಬೇರೆ ಮೀನಿನ ಹಿಕ್ಕೆ ತಿಂದು ನಿಮ್ಮ ಟ್ಯಾಂಕ್ ತೊಳೆಯೋದಿಲ್ಲ. ನದಿಯ ತಳದಲ್ಲಿ, ಮರಳು-ಬೆಣಚುಕಲ್ಲುಗಳ ಮಧ್ಯೆ, ಬಾಯಿ ಸುತ್ತ ಇರೋ ಮೀಸೆಗಳಿಂದ ತಡಕಾಡಿ ಹುಳ, ಬಸವನಹುಳ ಹುಡುಕಿ ತಿನ್ನೋ ಮೀನು ಅದು. ತಳದಲ್ಲಿ ಓಡಾಡುತ್ತೆ ಅನ್ನೋ ಒಂದೇ ಕಾರಣಕ್ಕೆ ನಾವು ಅದಕ್ಕೆ ಝಾಡಮಾಲಿ ಕೆಲಸ ಕೊಟ್ಟುಬಿಟ್ಟಿದ್ದೀವಿ. ಸಂಬಳ ಇಲ್ಲ, ಊಟಾನೂ ಇಲ್ಲ! ಮೇಲೆ ಹಾಕಿದ ಕಾಳನ್ನೆಲ್ಲ ಗೋಲ್ಡ್‌ಫಿಷ್ ನುಂಗುತ್ತೆ, ಲೋಚ್ ಹೊಟ್ಟೆ ಒಳಗೆ ಹೋಗುತ್ತೆ, ಮೂರು ತಿಂಗಳಿಗೆ ಸಾಯುತ್ತೆ. "ಈ ಜಾತಿ ಬಾಳಿಕೆ ಬರಲ್ಲ" ಅಂತ ಇನ್ನೊಂದು ತರ್ತೀವಿ.

ಅಂಗಡಿಯಲ್ಲಿ ಎರಡಿಂಚು ಉದ್ದ ಕಾಣೋ ಕಿತ್ತಳೆ-ಕಪ್ಪು ಪಟ್ಟೆಯ ಕ್ಲೌನ್ ಲೋಚ್ ಇದೆಯಲ್ಲ, ಸುಮಾತ್ರಾ, ಬೋರ್ನಿಯೋ ನದಿಗಳ ಮೀನು. ಸರಿಯಾಗಿ ಸಾಕಿದರೆ ಒಂದಡಿ ಹತ್ತಿರ ಬೆಳೆಯುತ್ತೆ, ಇಪ್ಪತ್ತು ವರ್ಷ ದಾಟಿ ಬದುಕುತ್ತೆ. ಅಂದ್ರೆ ನಿಮ್ಮ ಮಗು ಎಲ್‌ಕೆಜಿ ಸೇರಿದಾಗ ತಂದರೆ ಅವನ ಇಂಜಿನಿಯರಿಂಗ್ ಮುಗಿಯೋವರೆಗೂ ಇರಬೇಕು. ಎಷ್ಟು ಮನೆಯಲ್ಲಿ ಇದೆ ಹೇಳಿ? ಇದು ಗುಂಪಿನಲ್ಲಿ ಬದುಕೋ ಮೀನು ಬೇರೆ. ಐದಾರು ಇದ್ದರೆ ಹಗಲಲ್ಲೂ ಆಟ ಆಡ್ತಾವೆ, ಒಂದರ ಮೇಲೊಂದು ಬಿದ್ದು ಮಲಗ್ತಾವೆ. ಒಂಟಿಯಾಗಿ ಬಿಟ್ಟರೆ ಫಿಲ್ಟರ್ ಹಿಂದೆ ಬಚ್ಚಿಟ್ಟುಕೊಂಡು ಅಲ್ಲೇ ಸವೆದುಹೋಗುತ್ತೆ.

ನಮ್ಮನೆಯಲ್ಲಿ ನಾಲ್ಕು ಟ್ಯಾಂಕ್ ಇವೆ. ಬಂದವರೆಲ್ಲ ಕೇಳೋದು ಒಂದೇ, "ನಿಂಗೇನು ಹುಚ್ಚಾ? ಎಲ್ಲಾ ಒಂದರಲ್ಲೇ ಹಾಕಬಾರದಾ?" ನಾನು ಹೇಳೋದು, ಒಂದರಲ್ಲೇ ಹಾಕೋದು ಹುಚ್ಚು, ನಾಲ್ಕು ಇಡೋದು ಲೆಕ್ಕಾಚಾರ. ಒಂದು ನಾಲ್ಕಡಿ ಟ್ಯಾಂಕಿನಲ್ಲಿ ಗೆಳೆಯನೊಬ್ಬ ಆನ್‌ಸೈಟ್ ಹೋಗುವಾಗ ಬಿಟ್ಟುಹೋದ ಆರು ಜೀಬ್ರಾ ಲೋಚ್‌ಗಳಿವೆ. ಅವಕ್ಕೆ ಮೀಸೆ ಹರಿಯದಂಥ ನುಣುಪು ಮರಳು ಬೇಕು, ಅಡಗೋಕೆ ಕಲ್ಲಿನ ಸಂದಿ ಬೇಕು. ಇನ್ನೊಂದು ನಾಲ್ಕಡಿಯಲ್ಲಿ ಹ್ಯಾಚರಿಯಲ್ಲಿ ಹುಟ್ಟಿದ ಎಂಟು ಡೆನಿಸನ್ ಬಾರ್ಬ್. ಅವಕ್ಕೆ ಈಜೋಕೆ ಜಾಗ, ಎದುರಿಗೆ ಜೋರಾಗಿ ಹರಿಯೋ ನೀರು ಬೇಕು. ಎರಡಡಿಯದೊಂದು ಜೀಬ್ರಾ ಡ್ಯಾನಿಯೊಗಳ ಮರಿಗಳಿಗೆ. ಇನ್ನೊಂದು ಎರಡಡಿ ಬಹುತೇಕ ಖಾಲಿ, ಹೊಸದಾಗಿ ಬಂದ ಮೀನು ಅಲ್ಲಿ ಒಂದು ತಿಂಗಳು ಕ್ವಾರಂಟೈನ್. ಕೊರೋನಾ ಆದಮೇಲೆ ಈ ಪದವನ್ನಂತೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ :) ಲೋಚ್‌ಗಳ ಮೈಮೇಲಿನ ಹುರುಪೆ ತೀರಾ ಸಣ್ಣದು. ಬಿಳಿಚುಕ್ಕಿ ರೋಗ ಬೇಗ ಹತ್ತುತ್ತೆ, ಬೇರೆ ಮೀನಿಗೆ ಹಾಕೋ ಅಷ್ಟೇ ಔಷಧಿ ಹಾಕಿದರೆ ಔಷಧಿಯಿಂದಲೇ ಸಾಯಬಹುದು. ಅದಕ್ಕೇ ಈ ಖಾಲಿ ಟ್ಯಾಂಕ್ ಉಳಿದ ಮೂರಕ್ಕಿಂತ ಮುಖ್ಯ.

ನದಿ ಮೀನಿಗೆ ಹರಿಯೋ ನೀರು ಯಾಕೆ ಅಂದ್ರೆ, ಉತ್ತರ ಆಮ್ಲಜನಕ. 20 ಡಿಗ್ರಿಯ ನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಕಲ್ಲಿಗೆ ಬಡಿದು ನೊರೆಯೇಳೋ ಹೊಳೆಯಲ್ಲಿ ಬೆಳೆದ ಮೀನನ್ನು ಏಪ್ರಿಲ್ ತಿಂಗಳಲ್ಲಿ ಟಿವಿ ಪಕ್ಕದ ಗಾಜಿನ ಬಟ್ಟಲಲ್ಲಿ ಇಟ್ಟರೆ ಅದು 'ಶೋಪೀಸ್' ಅಲ್ಲ, ನಿಧಾನವಾಗಿ ಕತ್ತು ಹಿಸುಕೋದು. ಇನ್ನು ಆ ಬಟ್ಟಲಿನ ಐದು ಲೀಟರ್ ನೀರಲ್ಲಿ ಮೀನು ಹೊರಹಾಕೋ ಅಮೋನಿಯಾ ಎಲ್ಲಿಗೆ ಹೋಗಬೇಕು? ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರೋಕೇ ಒಂದು ತಿಂಗಳು ಬೇಕು. ನಮ್ಮ ಜನ ಟ್ಯಾಂಕು ಮತ್ತು ಮೀನು ಒಂದೇ ದಿನ ತರ್ತಾರೆ.

ಇಷ್ಟೇ ಆಗಿದ್ದರೆ ಅಜ್ಞಾನ ಅಂತ ಸುಮ್ಮನಾಗಬಹುದಿತ್ತು. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ.

ತೀರ್ಥಹಳ್ಳಿ ಅಂದ್ರೆ ನಮಗೆ ಕುವೆಂಪು ನೆನಪಾಗ್ತಾರೆ, ಅನಂತಮೂರ್ತಿ ನೆನಪಾಗ್ತಾರೆ, ಎಳ್ಳಮಾವಾಸ್ಯೆ ಜಾತ್ರೆ ನೆನಪಾಗುತ್ತೆ. ಮೇಲೆ ಹೇಳಿದ ಜೀಬ್ರಾ ಲೋಚ್ ವಿಜ್ಞಾನಕ್ಕೆ ಮೊದಲು ಪರಿಚಯವಾಗಿದ್ದು ಅದೇ ತೀರ್ಥಹಳ್ಳಿಯ ತುಂಗೆಯಿಂದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1920ರಲ್ಲಿ ಬೋಟಿಯಾ ಸ್ಟ್ರಯಾಟಾ ಅಂತ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್. ಮುಂದೆ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದವರು ಇವರೇ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಮೀನು ಇಲ್ಲ. ಮಹಾರಾಷ್ಟ್ರದ ಕಡೆ ಕೃಷ್ಣೆಯ ಮೇಲ್ಭಾಗದ ಹೊಳೆಗಳಲ್ಲಿ ಒಂದಷ್ಟು, ನಮ್ಮ ತುಂಗೆಯಲ್ಲಿ ಒಂದಷ್ಟು.

2005ರಿಂದ 2012ರವರೆಗಿನ ರಫ್ತಿನ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಅಳಿವಿನ ಭೀತಿಯಲ್ಲಿರೋ 30 ಜಾತಿಯ ಸಿಹಿನೀರು ಮೀನುಗಳು ಅಕ್ವೇರಿಯಂ ವ್ಯಾಪಾರಕ್ಕೆ ಅಂತ ಭಾರತದಿಂದ ಹೊರಗೆ ಹೋಗಿವೆ, ಹದಿನೈದು ಲಕ್ಷದಷ್ಟು. ಅದರಲ್ಲಿ ದೊಡ್ಡ ಪಾಲು ಯಾವುದರದ್ದು ಗೊತ್ತಾ? ನಮ್ಮ ಜೀಬ್ರಾ ಲೋಚ್, ಡೆನಿಸನ್ ಬಾರ್ಬ್ ಮತ್ತು ಒಂದು ಪುಟಾಣಿ ಪಫರ್ ಮೀನು. ಮೂರೂ ಪಶ್ಚಿಮ ಘಟ್ಟದವು. ಅಷ್ಟು ಹೊತ್ತಿಗಾಗಲೇ ಜೀಬ್ರಾ ಲೋಚ್ ಐಯುಸಿಎನ್ ಕೆಂಪುಪಟ್ಟಿಯಲ್ಲಿತ್ತು. ಮನೆ ಟ್ಯಾಂಕಿನಲ್ಲಿ ಇದು ಮರಿ ಮಾಡೋದು ಅಪರೂಪದಲ್ಲಿ ಅಪರೂಪ. ಹಾಗಾದ್ರೆ ಕವರಿನಲ್ಲಿ ಬರೋ ಆ ಒಂದು ಲೋಚ್ ಎಲ್ಲಿಂದ ಬಂತು ಅಂತ ನೀವೇ ಊಹಿಸಿ.

ಶೃಂಗೇರಿಗೆ ಹೋದಾಗ ತುಂಗೆಯ ದೊಡ್ಡ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗೀತೀವಿ. ಒಳ್ಳೇದೇ, ಆ ಭಕ್ತಿಯಿಂದಲೇ ಅವು ಉಳಿದಿವೆ. ಆದರೆ ಅದೇ ನದಿಯ ಕಲ್ಲಿನಡಿಯ ಮೂರಿಂಚಿನ ಮೀನಿಗೆ ದೇವರೂ ಇಲ್ಲ, ಭಕ್ತರೂ ಇಲ್ಲ. ಪಾಪ, ಅದು ಮಂಡಕ್ಕಿಗೆ ಮೇಲೆ ಬರಲ್ಲ ನೋಡಿ.

ಈಗ ವಾದಗಳಿಗೆ ಬರೋಣ.

"ಮೀನು ತಾನೇ, ತಿನ್ನೋದಿಲ್ವಾ?" ತಿನ್ನೋದು ಬೇರೆ, ಚಂದ ನೋಡೋಕೆ ಅಂತ ತಂದು ಉಪವಾಸ ಕೆಡವಿ ಸಾಯಿಸೋದು ಬೇರೆ. ಮುಂದಿನ ಪ್ರಶ್ನೆ.

"ಅಕ್ವೇರಿಯಂನವರಿಂದ ಏನು ಮಹಾ ಹಾಳಾಗುತ್ತೆ? ಅಣೆಕಟ್ಟು, ಮರಳು ಲೂಟಿ, ಚರಂಡಿ ನೀರು ಇವೆಲ್ಲ ಬಿಟ್ಟು ನಮ್ಮ ಮೇಲೆ ಯಾಕೆ?" ಇದರಲ್ಲಿ ನಿಜ ಇದೆ. ಮರಳೇ ಹೋದಮೇಲೆ ಮರಳಲ್ಲಿ ಬದುಕೋ ಮೀನು ಎಲ್ಲಿರಬೇಕು? ಆದರೆ ಮರಳು ಲಾರಿ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ, ಮೀನು ಕೊಳ್ಳದೇ ಇರೋಕೆ ಆಗುತ್ತೆ. ಈಗಾಗಲೇ ಸೊರಗಿದ ಕಡೆಯಿಂದ ಇನ್ನಷ್ಟು ಹಿಡಿದು ತಂದರೆ ಅದು ಗಾಯದ ಮೇಲೆ ಬರೆ.

"ಹಾಗಾದ್ರೆ ನೀನೂ ಸಾಕಬೇಡ, ಟ್ಯಾಂಕುಗಳನ್ನೆಲ್ಲ ಮಾರಿಬಿಡು." ಇದು ಗಟ್ಟಿ ಪ್ರಶ್ನೆ. ನನ್ನ ಉತ್ತರ ಇಷ್ಟು: ನೋಡದ್ದನ್ನ ಯಾರೂ ಪ್ರೀತಿಸಲ್ಲ. ಲೋಚ್ ಮೀಸೆ ಆಡಿಸಿ ಮರಳು ಜರಡಿ ಹಿಡಿಯೋದನ್ನ ನೋಡಿದ ನಮ್ಮ ಅಕ್ಕನ ಮಗ ಈಗ ಯಾವ ಹೊಳೆಗೆ ಹೋದರೂ ಕಲ್ಲಿನ ಸಂದಿ ಬಗ್ಗಿ ನೋಡ್ತಾನೆ. ಜೊತೆಗೆ, ಡೆನಿಸನ್ ಬಾರ್ಬನ್ನು ಕೇರಳದ ವಿಜ್ಞಾನಿಗಳು ಹ್ಯಾಚರಿಯಲ್ಲಿ ಮರಿ ಮಾಡಿಸಿ ತೋರಿಸಿದ್ದಾರೆ. ಅಂಥ ಮೀನನ್ನು ಕೇಳಿ ಕೊಳ್ಳೋರು ಇದ್ದರೆ ಹೊಳೆಯ ಮೀನಿಗೆ ಬೇಡಿಕೆ ಇಳಿಯುತ್ತೆ. ಸಾಕೋರೇ ಇಲ್ಲದಿದ್ದರೆ ಆ ಹ್ಯಾಚರಿ ಯಾರಿಗೋಸ್ಕರ ನಡೀಬೇಕು?

"ಬೆಂಗಳೂರಲ್ಲಿ ಕುಡಿಯೋಕೆ ನೀರಿಲ್ಲ, ನಿಂಗೆ ಮೀನಿಗೆ ನೀರಾ?" 2024ರ ಬೇಸಿಗೆಯಲ್ಲಿ ಇದನ್ನ ನಮ್ಮ ಓನರ್ ಆಂಟಿಯೇ ಕೇಳಿದರು. ನಾಲ್ಕೂ ಟ್ಯಾಂಕ್ ಸೇರಿ ಸುಮಾರು 600 ಲೀಟರ್, ವಾರಕ್ಕೆ ಕಾಲುಭಾಗ ಬದಲಾಯಿಸಿದರೆ ಹತ್ತು ಬಕೆಟ್. ಒಂದು ಹನಿಯೂ ಮೋರಿಗೆ ಹೋಗಲ್ಲ, ನೈಟ್ರೇಟ್ ತುಂಬಿದ ಆ ನೀರು ಆಂಟಿಯ ಕರಿಬೇವಿಗೆ, ದಾಸವಾಳಕ್ಕೆ. ಈಗ ಬಕೆಟ್ ತಡವಾದರೆ ಅವರೇ ಬಾಗಿಲು ತಟ್ಟುತ್ತಾರೆ. ಇಷ್ಟೂ ಮಾಡೋಕೆ ಆಗದ ಮನೆಗೆ ಮೀನು ಬೇಡ, ಮನಿಪ್ಲಾಂಟ್ ಸಾಕು.

ಇನ್ನೊಂದು ಮುಖ್ಯ ವಿಷಯ. ಬೇಜಾರಾಯ್ತು, ದೊಡ್ಡದಾಯ್ತು ಅಂತ ಮೀನನ್ನು 'ಪುಣ್ಯ ಬರಲಿ' ಅಂತ ಕೆರೆಗೆ, ಹೊಳೆಗೆ ಬಿಡೋರಿದ್ದಾರಲ್ಲ, ಅವರಿಗೆ ನನ್ನ ದೊಡ್ಡ ನಮಸ್ಕಾರ. ಕ್ಲೀನಿಂಗಿಗೆ ಅಂತಲೇ ಮಾರೋ ದಕ್ಷಿಣ ಅಮೆರಿಕದ ಸಕರ್ ಮೀನು ಹೀಗೆ ಸೇರಿಕೊಂಡೇ ಆಂಧ್ರದಲ್ಲಿ ಕೃಷ್ಣೆಯ ಬೆಸ್ತರ ಬಲೆ ಹರೀತಿದೆ, ಅವರು ಅದನ್ನ ದೆವ್ವದ ಮೀನು ಅಂತಾರೆ. ತುಂಗೆ ಹೋಗಿ ಸೇರೋದೂ ಅದೇ ಕೃಷ್ಣೆಯನ್ನ. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಸಾಕೋರಿಗೆ ಕೊಡಿ. ನೀರಿಗೆ ಮಾತ್ರ ಬಿಡಬೇಡಿ.

ನಾನು ಕೇಳೋದು ಭಾರೀ ಏನಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಎರಡು ಪ್ರಶ್ನೆ ಕೇಳಿ: "ಇದು ಹೊಳೆಯಲ್ಲಿ ಹಿಡಿದದ್ದಾ, ಸಾಕಿ ಮರಿ ಮಾಡಿದ್ದಾ?" ಮತ್ತೆ "ಇದು ಎಷ್ಟು ದೊಡ್ಡದಾಗುತ್ತೆ?" ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಕೊಳ್ಳಬೇಡಿ. ಐದಾರು ಲೋಚ್ ಇಡೋ ಜಾಗ ಇಲ್ಲದಿದ್ದರೆ ಒಂದನ್ನೂ ತರಬೇಡಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರೋ ಹೊತ್ತಿಗೆ ಅವನೇ ಉತ್ತರ ತಿಳ್ಕೊಂಡಿರ್ತಾನೆ. ವ್ಯಾಪಾರಿ ಅಲ್ವಾ!

ಟ್ಯಾಂಕ್ ಕ್ಲೀನ್ ಮಾಡೋಕೆ ಒಂದು ಬಕೆಟ್, ಒಂದು ಪೈಪು, ವಾರಕ್ಕೆ ಒಂದು ಗಂಟೆ ಸಾಕು. ಆ ಕೆಲಸ ನಮ್ಮದು, ತೀರ್ಥಹಳ್ಳಿಯ ಮೀನಿನದ್ದಲ್ಲ.

ಏನಂತೀರಿ?