‘ಅನುಭವ’ ಯಾವ ದೇಶದ್ದು? ಉದ್ಯೋಗ ಅರಸುವ ವಲಸಿಗ ಮತ್ತು ನಮ್ಮ ವಿಮರ್ಶೆ

ವಿದೇಶವಾಸದ ಹಿನ್ನೆಲೆಯಲ್ಲಿ ಹುಟ್ಟಿದ ಕನ್ನಡ ಬರಹಗಳನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ಹೆಸರುಗಳ ಅಡಿಯಲ್ಲಿ ಇರಿಸುತ್ತ ಬಂದಿದೆ. ಹೋಗಿ ಮರಳಿದವರು ಬರೆದದ್ದು ಪ್ರವಾಸ ಸಾಹಿತ್ಯ. ಹೋದಲ್ಲಿಯೇ ನೆಲೆನಿಂತವರು ಬರೆದದ್ದು ಅನಿವಾಸಿ ಸಾಹಿತ್ಯ. ಮೊದಲನೆಯದರಲ್ಲಿ ಬೆರಗನ್ನೂ ಎರಡನೆಯದರಲ್ಲಿ ಹಂಬಲವನ್ನೂ ಹುಡುಕುವುದು ರೂಢಿ. ಹಬ್ಬ, ಅಡುಗೆ, ಮಕ್ಕಳ ಕನ್ನಡ, ಊರಿನಲ್ಲಿ ಉಳಿದ ವೃದ್ಧ ತಂದೆತಾಯಿಗಳು ಅನಿವಾಸಿ ಬರಹದ ವಸ್ತುಗಳೆಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಅದನ್ನೇ ಬರೆಯುತ್ತಾರೆ. ಈ ಎರಡು ವರ್ಗಗಳ ನಡುವೆ ಒಂದು ಕಾಲಾವಧಿ ಜಾರಿಹೋಗಿದೆ. ಹೊಸ ದೇಶದಲ್ಲಿ ಕಾಲಿರಿಸಿದ ದಿನದಿಂದ ಓದಿಗೆ ತಕ್ಕ ಮೊದಲ ಕೆಲಸ ದೊರೆಯುವವರೆಗಿನ ಅವಧಿ ಅದು. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಮೂರು ವರ್ಷ. ಈ ಅವಧಿಯ ಮನುಷ್ಯ ಪ್ರವಾಸಿಯಲ್ಲ, ನೆಲೆನಿಂತವನೂ ಅಲ್ಲ, ಆತ ಉದ್ಯೋಗಾರ್ಥಿ. ಈ ಉದ್ಯೋಗಾರ್ಥಿಯ ಕಥನವನ್ನು ಓದಬಲ್ಲ ಪರಿಭಾಷೆಯನ್ನು ನಾವು ರೂಪಿಸಿಕೊಂಡಿಲ್ಲ ಎಂಬುದು ಪ್ರಸ್ತುತ ಬರಹದ ತಕರಾರು.

‘ಅನಿವಾಸಿ’ ಎಂಬ ಶಬ್ದದಲ್ಲಿಯೇ ಈ ಕೊರತೆಯ ಮೂಲವಿದೆಯೆಂದು ನನಗೆ ತೋರುತ್ತದೆ. ಇದು ಸಾಹಿತ್ಯದಿಂದ ಹುಟ್ಟಿದ ಪದವಲ್ಲ. ತೆರಿಗೆ ಮತ್ತು ವಿದೇಶೀ ವಿನಿಮಯದ ಕಾನೂನುಗಳ ಇಂಗ್ಲಿಷ್ ಪರಿಭಾಷೆಯನ್ನು ಯಥಾವತ್ತಾಗಿ ಕನ್ನಡಕ್ಕೆ ತಂದಾಗ ದೊರೆತದ್ದು. ಆದಾಯ ತೆರಿಗೆಯ ಕಾನೂನು ವ್ಯಕ್ತಿಯೊಬ್ಬ ವರ್ಷದಲ್ಲಿ ದೇಶದೊಳಗೆ ಕಳೆದ ದಿನಗಳನ್ನು ಎಣಿಸಿ ಅವನನ್ನು ನಿವಾಸಿ ಅಥವಾ ಅನಿವಾಸಿ ಎಂದು ನಿರ್ಧರಿಸುತ್ತದೆ. ಅಲ್ಲಿನ ಪ್ರಶ್ನೆ ಅವನ ಆದಾಯಕ್ಕೆ ತೆರಿಗೆ ವಿಧಿಸುವವರು ಯಾರು ಎಂಬುದು. ಆದಾಯವನ್ನು ಕೇಂದ್ರದಲ್ಲಿಟ್ಟುಕೊಂಡ ಶಬ್ದವೊಂದು ಆದಾಯವೇ ಇಲ್ಲದವನನ್ನು ಕಾಣಲಾರದೆ ಹೋದರೆ ಆಶ್ಚರ್ಯಪಡಬೇಕಾಗಿಲ್ಲ. ನಾವು ಮಾತ್ರ ಅದನ್ನು ಪ್ರಶ್ನಿಸದೆ ಪಠ್ಯಕ್ರಮದೊಳಕ್ಕೆ ಬಿಟ್ಟುಕೊಂಡೆವು.

ಚರ್ಚೆ ಅಮೂರ್ತವಾಗದಿರಲೆಂದು ಇಲ್ಲಿ ಒಂದೇ ದೇಶದ ಉದಾಹರಣೆಯನ್ನು ಕೈಗೆತ್ತಿಕೊಂಡಿದ್ದೇನೆ. ಕೆನಡಾ 1967ರಲ್ಲಿ ವಲಸಿಗರ ಆಯ್ಕೆಗೆ ಅಂಕಪದ್ಧತಿಯನ್ನು ಜಾರಿಗೆ ತಂದಿತು. ಅದಕ್ಕೆ ಹಿಂದೆ ಜನಾಂಗ ಮತ್ತು ಮೂಲದೇಶಗಳಿಗೆ ಇದ್ದ ಪ್ರಾಶಸ್ತ್ಯವನ್ನು ಕೈಬಿಟ್ಟು ವಿದ್ಯೆ, ವಯಸ್ಸು, ಭಾಷೆ, ವೃತ್ತಿಗಳನ್ನು ಅಳೆಯುವ ಕ್ರಮ ಅದು. ಆ ಕಾಲಕ್ಕೆ ನಿಸ್ಸಂದೇಹವಾಗಿ ಉದಾರವಾದ ಹೆಜ್ಜೆ. 2015ರ ಜನವರಿಯಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಅದೇ ತತ್ತ್ವ 1200 ಅಂಕಗಳ ಶ್ರೇಯಾಂಕವಾಗಿ ಬೆಳೆಯಿತು. ಒಂಟಿಯಾಗಿ ಅರ್ಜಿ ಸಲ್ಲಿಸುವವರಿಗೆ 20ರಿಂದ 29ರವರೆಗಿನ ವಯಸ್ಸಿಗೆ 110 ಅಂಕ. ನಲವತ್ತೈದು ತುಂಬಿದವರಿಗೆ ಸೊನ್ನೆ. ಸ್ನಾತಕೋತ್ತರ ಪದವಿಗೆ 135, ಪಿಎಚ್.ಡಿ.ಗೆ 150. ಯಾವ ವಿಷಯದಲ್ಲಿ ಎಂದು ಈ ಕೋಷ್ಟಕ ಕೇಳುವುದಿಲ್ಲ. ಆದ್ದರಿಂದ ವಚನ ಸಾಹಿತ್ಯವನ್ನೋ ಹಳಗನ್ನಡ ಛಂದಸ್ಸನ್ನೋ ಓದಿ ಪಡೆದ ಎಂ.ಎ. ಪದವಿಗೂ, ಅದು ಕೆನಡಾದ ಪದವಿಗೆ ಸಮಾನವೆಂಬ ಪ್ರಮಾಣಪತ್ರ ದೊರೆತರೆ, ಅಷ್ಟೇ ಅಂಕಗಳು. ಅದೇ ಕೋಷ್ಟಕದ ಭಾಷೆಯ ಕಲಮಿನಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೇ ಇವೆ. ಕನ್ನಡದ ಪದವಿಗೆ ಬೆಲೆ, ಕನ್ನಡಕ್ಕೆ ಇಲ್ಲ. (ಈ ವಿಚಿತ್ರವನ್ನು ನಮ್ಮ ವಿಭಾಗಗಳ ಒಳಗೆ ಹೇಳಿದರೆ ನಗು ಬರುತ್ತದೆ, ಆದರೆ ಕನ್ನಡ ಎಂ.ಎ. ಮುಗಿಸಿ ಮದುವೆಯಾಗಿ ಅಲ್ಲಿಗೆ ಹೋದ ವಿದ್ಯಾರ್ಥಿನಿಯರು ಅನೇಕ ವಿಭಾಗಗಳ ಹಳೆಯ ಹಾಜರಿ ಪಟ್ಟಿಗಳಲ್ಲಿ ಇದ್ದಾರೆ.)

ಈ ಅಂಕಗಳ ಬಲದಿಂದ ದೇಶದೊಳಕ್ಕೆ ಬಂದವರಿಗೆ ಉದ್ಯೋಗದ ಮಾರುಕಟ್ಟೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಕೆನಡಾದ ಅನುಭವ ಇದೆಯೇ?’ ಎಂಬುದು. ಇದು ಯಾವುದೋ ಒಬ್ಬ ಮಾಲೀಕನ ಚಾಳಿಯಾಗಿದ್ದರೆ ಚರ್ಚಿಸಬೇಕಾದ ಅಗತ್ಯವಿರಲಿಲ್ಲ. ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಈ ಷರತ್ತನ್ನು ಮೇಲ್ನೋಟಕ್ಕೆ ತಾರತಮ್ಯವೆಂದು ಕರೆದು ಪ್ರತ್ಯೇಕ ನೀತಿಯನ್ನೇ ಪ್ರಕಟಿಸಬೇಕಾಯಿತು. ಅದೇ ಪ್ರಾಂತದ ಎಂಜಿನಿಯರುಗಳ ನೋಂದಣಿ ಸಂಸ್ಥೆ 2023ರ ಮೇ ತಿಂಗಳಲ್ಲಿ ಪರವಾನಗಿಗೆ ಕೆನಡಾದ ಅನುಭವ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಸಾರ್ವಜನಿಕ ಉದ್ಯೋಗ ಜಾಹೀರಾತುಗಳಲ್ಲಿ ಈ ಷರತ್ತನ್ನು ಹಾಕಬಾರದೆಂದು 2024ರಲ್ಲಿ ಕಾಯಿದೆಯಾಯಿತು. ಅದು ಜಾರಿಗೆ ಬರಬೇಕಾದ ದಿನಾಂಕ 2026ರ ಜನವರಿ 1 ಎಂದು ನಿಗದಿಯಾಯಿತು. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೋಪೌಲಸ್ ಸಾವಿರಾರು ಕಲ್ಪಿತ ಅರ್ಜಿಗಳನ್ನು ಆ ನಗರದ ಮಾಲೀಕರಿಗೆ ಕಳುಹಿಸಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ. ಇಂಗ್ಲಿಷ್ ಹೆಸರುಗಳ ಅರ್ಜಿದಾರರಿಗೆ ಹೋಲಿಸಿದರೆ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರುಗಳವರಿಗೆ ಸಂದರ್ಶನದ ಕರೆ ಗಮನಾರ್ಹವಾಗಿ ಕಡಿಮೆ ಬಂದಿತು. ಅನುಭವ ಹೊರದೇಶದ್ದಾದಾಗ ಇನ್ನೂ ಕಡಿಮೆಯಾಯಿತು.

ಇಷ್ಟು ಕಾನೂನುಗಳ ಜೊತೆಗೆ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. ಪ್ರಾಂತ ಅಳಿಸಲು ಹೊರಟ ಈ ಮಾತನ್ನು ಒಕ್ಕೂಟ ಸರ್ಕಾರವೇ 2008ರಲ್ಲಿ ವಲಸೆಯ ಒಂದು ವರ್ಗದ ಹೆಸರಾಗಿಸಿತ್ತು. ‘ಕೆನಡಿಯನ್ ಅನುಭವ ವರ್ಗ’ ಇಂದಿಗೂ ಇದೆ. ಶ್ರೇಯಾಂಕದ ಕೋಷ್ಟಕದಲ್ಲಿ ಕೆನಡಾದಲ್ಲಿ ದುಡಿದ ವರ್ಷಗಳಿಗೆ ಸ್ವತಂತ್ರವಾಗಿ ಅಂಕಗಳುಂಟು. ಹೊರದೇಶದಲ್ಲಿ ದುಡಿದ ವರ್ಷಗಳಿಗೆ ಅಂತಹ ಸ್ವತಂತ್ರ ಅಂಕಗಳಿಲ್ಲ. ಉತ್ತಮ ಇಂಗ್ಲಿಷ್ ಅಥವಾ ಫ್ರೆಂಚ್ ಜೊತೆಗೋ ಕೆನಡಾದ ಅನುಭವದ ಜೊತೆಗೋ ಕೂಡಿಕೊಂಡಾಗ ಮಾತ್ರ ಅವು ಲೆಕ್ಕಕ್ಕೆ ಬರುತ್ತವೆ. ತುಮಕೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಹತ್ತು ವರ್ಷ ದುಡಿದ ಮನುಷ್ಯನ ಆ ಹತ್ತು ವರ್ಷಗಳು ತಮ್ಮಷ್ಟಕ್ಕೆ ನಿಲ್ಲಲಾರವು.

ಈ ಹಂತದಲ್ಲಿ ಕನ್ನಡದ ವಿಮರ್ಶಕನ ಕಿವಿ ನಿಮಿರಬೇಕಿತ್ತು. ಏಕೆಂದರೆ ‘ಅನುಭವ’ ನಮ್ಮ ಚಿಂತನೆಯ ಅತ್ಯಂತ ಭಾರವಾದ ಶಬ್ದಗಳಲ್ಲಿ ಒಂದು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನಾವು ನೆನೆಯುವುದೇ ಅನುಭವ ಮಂಟಪದ ಮೂಲಕ. ಅನುಭವ ಮತ್ತು ಅನುಭಾವಗಳ ಅಂತರವನ್ನು ಕುರಿತು ಬರೆದದ್ದಕ್ಕೆ ಲೆಕ್ಕವಿಲ್ಲ. ನವ್ಯರು ಅನುಭವದ ಅಧಿಕೃತತೆಯನ್ನು ಕೃತಿಯ ಮೌಲ್ಯಮಾಪನದ ಮುಖ್ಯ ಮಾನದಂಡವಾಗಿಸಿದರು. ದಲಿತ-ಬಂಡಾಯದ ಲೇಖಕರು ಆ ಮಾನದಂಡವನ್ನು ತಿರುಗಿಸಿ, ಯಾರ ಅನುಭವಕ್ಕೆ ಸಾಹಿತ್ಯವೆಂಬ ಮಾನ್ಯತೆ ದೊರೆಯುತ್ತದೆ, ಆ ಮಾನ್ಯತೆಯನ್ನು ಕೊಡುವವರು ಯಾರು ಎಂದು ಕೇಳಿದರು. ನನ್ನ ದೃಷ್ಟಿಯಲ್ಲಿ ಕಳೆದ ಅರ್ಧ ಶತಮಾನದ ಕನ್ನಡ ವಿಮರ್ಶೆಯ ಅತಿ ಮುಖ್ಯ ಪ್ರಶ್ನೆ ಇದು. ಉದ್ಯೋಗ ಅರಸುವ ವಲಸಿಗನ ಮುಂದಿರುವುದೂ ಇದೇ ಪ್ರಶ್ನೆ. ಅಲ್ಲಿನ ಮಾಲೀಕನಿಗೆ ಅನುಭವವೆಂದರೆ ವ್ಯಕ್ತಿಯ ಒಳಗೆ ಸಂಚಿತವಾದದ್ದಲ್ಲ, ಒಂದು ನೆಲಕ್ಕೆ ಅಂಟಿಕೊಂಡದ್ದು. ಗಡಿ ದಾಟುವಾಗ ಅದು ಹಿಂದೆಯೇ ಉಳಿಯುತ್ತದೆ. ಜಾತಿಯ ಅನುಭವವನ್ನು ಇದಕ್ಕೆ ಸಮೀಕರಿಸುವ ಉದ್ದೇಶ ನನಗಿಲ್ಲ, ಅಂಥ ಸಮೀಕರಣ ಅಸಭ್ಯವಾದೀತು. ಅನುಭವಕ್ಕೆ ಮಾನ್ಯತೆ ಕೊಡುವ ಅಧಿಕಾರವನ್ನು ಗುರುತಿಸುವ ಸಲಕರಣೆ ನಮ್ಮ ಕೈಯಲ್ಲಿತ್ತು, ನಾವು ಅದನ್ನು ಇತ್ತ ತಿರುಗಿಸಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ರೆಸ್ಯೂಮೆಯನ್ನು ಒಂದು ಕಥನಪ್ರಕಾರವಾಗಿ ಓದಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಆತ್ಮಕಥೆಯಲ್ಲಿ ಬರೆಯುವವನು ಏನನ್ನು ಸೇರಿಸಲಿ ಎಂದು ಯೋಚಿಸುತ್ತಾನೆ. ಹೊಸ ವಲಸಿಗನ ರೆಸ್ಯೂಮೆಯಲ್ಲಿ ಯೋಚನೆಯೆಲ್ಲ ಏನನ್ನು ಅಳಿಸಲಿ ಎಂಬುದರದ್ದು. ಹುಟ್ಟಿದ ದಿನಾಂಕ, ಭಾವಚಿತ್ರ, ತಂದೆಯ ಹೆಸರು, ವೈವಾಹಿಕ ಸ್ಥಿತಿ ಮೊದಲು ಹೋಗುತ್ತವೆ. ಅವು ಅಲ್ಲಿನ ಪದ್ಧತಿಯಲ್ಲ. ಆಮೇಲೆ ಹೆಸರಿನ ಸರದಿ. ಹಳೆಯ ಮೈಸೂರಿನ ಕಡೆಯ ನಮ್ಮ ಹೆಸರುಗಳಲ್ಲಿ ಊರು ಮತ್ತು ತಂದೆ ಇನಿಷಿಯಲ್‌ಗಳಾಗಿ ಮುಂದೆ ನಿಲ್ಲುತ್ತಾರೆ, ಕುಲನಾಮವೆಂಬುದು ಇರುವುದಿಲ್ಲ. ಕೆನಡಾದ ವಲಸೆ ಇಲಾಖೆಯ ಸೂಚನೆಯಂತೆ, ಪಾಸ್‌ಪೋರ್ಟಿನಲ್ಲಿ ಕುಲನಾಮ ಇಲ್ಲದವರು ಇರುವ ಹೆಸರನ್ನೇ ಕುಲನಾಮದ ಕಲಮಿನಲ್ಲಿ ತುಂಬಿ ಹೆಸರಿನ ಕಲಮನ್ನು ಖಾಲಿ ಬಿಡಬೇಕು. ಕೊನೆಗೆ ಅಳಿಸಬೇಕಾದದ್ದು ವಿದ್ಯೆಯನ್ನು. ಉಗ್ರಾಣದಲ್ಲಿ ಪೆಟ್ಟಿಗೆ ಕಟ್ಟುವ, ಕಾಫಿ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುವ ಕೆಲಸಕ್ಕೆ ಅರ್ಜಿ ಹಾಕುವಾಗ ಸ್ನಾತಕೋತ್ತರ ಪದವಿ ತೊಡಕಾಗುತ್ತದೆ. ಈಕೆ ನಾಳೆ ಬಿಟ್ಟುಹೋಗುತ್ತಾಳೆ ಎಂದು ಮಾಲೀಕ ಅನುಮಾನಿಸುತ್ತಾನೆ. ಅಂಥ ಕೆಲಸಕ್ಕೆ ಅಲ್ಲಿ ‘ಸರ್ವೈವಲ್ ಜಾಬ್’ ಎಂದು ಹೆಸರು. ಕನ್ನಡದಲ್ಲಿ ‘ಹೊಟ್ಟೆಪಾಡಿನ ಕೆಲಸ’ ಎಂದರೆ ಅದೇ, ಮತ್ತು ನಮ್ಮದು ಹೆಚ್ಚು ಪ್ರಾಮಾಣಿಕವಾದ ಶಬ್ದ. ನನ್ನ ಸಹಪಾಠಿಯೊಬ್ಬರು ಎಂ.ಎ.ಯಲ್ಲಿ ಪಡೆದ ರ‍್ಯಾಂಕನ್ನು ಹೀಗೆ ಅಳಿಸಿ ಪ್ಯಾಕಿಂಗ್ ಕೆಲಸ ಪಡೆದರು. ‘ದೇಶದೊಳಕ್ಕೆ ಬರಲು ತೋರಿಸಿದ್ದನ್ನು ಕೆಲಸದೊಳಕ್ಕೆ ಹೋಗಲು ಮುಚ್ಚಿಟ್ಟೆ’ ಎಂದು ಅವರು ಬರೆದಿದ್ದರು. ಅಂಕಪದ್ಧತಿಯ ವಿರೋಧಾಭಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶಾ ವಾಕ್ಯವನ್ನು ನಾನು ಓದಿಲ್ಲ.

ಕನ್ನಡ ಸಾಹಿತ್ಯಕ್ಕೆ ಉದ್ಯೋಗದ ಕಥನ ಹೊಸದೇನಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ ನಗರದಲ್ಲಿ ಕೆಲಸಕ್ಕಾಗಿ ಅಲೆದವನು. ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ಪಾಲಿಮರ್ ತಂತ್ರಜ್ಞಾನದ ಕ್ಷೇತ್ರದಲ್ಲಿ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’ಯಲ್ಲಿ, ಕಂಪನಿಯ ವಿಚಾರಣೆಗೆ ಗುರಿಯಾದ ನಾಗಪ್ಪನ ಭಯಕ್ಕೆ ನೌಕರಿಯೇ ಕೇಂದ್ರ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ಚರಿತ್ರೆಯೂ ನಮಗೆ ಗೊತ್ತು. ಅಂದರೆ ವಲಸೆಗಾರ ದುಡಿಯುವವನೂ ಆಗಿರುತ್ತಾನೆಂಬ ಅರಿವು ಮುಂಬಯಿಯವರೆಗೂ ನಮ್ಮ ಜೊತೆ ಬಂದಿತ್ತು. ಕಡಲು ದಾಟಿದೊಡನೆ ಅದು ಏಕೋ ಕಾಣೆಯಾಯಿತು. ಇದಕ್ಕೆ ಎ.ಕೆ. ರಾಮಾನುಜನ್ನರ ‘ಅಣ್ಣಯ್ಯನ ಮಾನವಶಾಸ್ತ್ರ’ ನಮ್ಮ ಮೇಲೆ ಬೀರಿದ ಪ್ರಭಾವವೂ ಒಂದು ಕಾರಣವಿರಬಹುದು. ಅಮೆರಿಕದ ಗ್ರಂಥಾಲಯದಲ್ಲಿ ಕುಳಿತ ಅಣ್ಣಯ್ಯ ಪರರ ಪುಸ್ತಕದೊಳಗೆ ತನ್ನ ಮನೆಯನ್ನು ಕಾಣುವ ಆ ಕಥೆ ಅಸಾಧಾರಣವಾದದ್ದು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಅದನ್ನು ವಿದೇಶವಾಸದ ಮಾದರಿ ಕಥೆಯಾಗಿ ಮತ್ತೆ ಮತ್ತೆ ಕಲಿಸಿದ್ದರಿಂದ, ಹೊರದೇಶದ ಕನ್ನಡಿಗನೆಂದರೆ ಜ್ಞಾನ ಮತ್ತು ನೆನಪುಗಳ ಬಿಕ್ಕಟ್ಟಿನಲ್ಲಿ ಇರುವವನು ಎಂಬ ಚಿತ್ರ ಗಟ್ಟಿಯಾಯಿತು. ಬಾಡಿಗೆ ಕಟ್ಟಬೇಕಾದ ತಾರೀಖು ಆ ಚಿತ್ರದಲ್ಲಿಲ್ಲ.

ಈ ವಾದಕ್ಕೆ ಬರಬಹುದಾದ ಆಕ್ಷೇಪ ಒಂದಿದೆ. ಹಿರಿಯ ಅಧ್ಯಾಪಕರೊಬ್ಬರು ನನಗೆ ಅದನ್ನು ನೇರವಾಗಿಯೇ ಹೇಳಿದರು. ಕೆನಡಾಕ್ಕೆ ಹೋಗುವವರು ಓದಿದವರು, ಬಹುಪಾಲು ಮೇಲುಜಾತಿಯ ಮಧ್ಯಮವರ್ಗದವರು, ಸ್ವಇಚ್ಛೆಯಿಂದ ಹೋದವರು. ರಾಯಚೂರು, ಕಲಬುರಗಿಗಳಿಂದ ಬೆಂಗಳೂರಿನ ಕಟ್ಟಡಗಳಿಗೆ ಬರುವ ಕೂಲಿಕಾರರನ್ನು ಬಿಟ್ಟು ಇವರ ಸಂಕಟವನ್ನೇಕೆ ಓದಬೇಕು ಎಂಬುದು ಅವರ ಪ್ರಶ್ನೆ. ಇದರ ನೈತಿಕ ತೂಕವನ್ನು ನಾನು ಅಲ್ಲಗಳೆಯಲಾರೆ. ಆದರೆ ನಾವು ಅನಿವಾಸಿಯನ್ನು ಓದದೆ ಬಿಟ್ಟಿದ್ದೇವೆಯೇ? ಓದುತ್ತಿದ್ದೇವೆ, ಅವನ ಹಂಬಲವನ್ನು ಮಾತ್ರ. ದುಡಿಮೆಯನ್ನು ಕೇಂದ್ರಕ್ಕೆ ತಂದರೆ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದ ಚಾಲಕ, ಅಡುಗೆಯವ, ಮನೆಗೆಲಸದಾಕೆ ಅದೇ ಓದಿನೊಳಗೆ ಬರುತ್ತಾರೆ. ‘ಅನಿವಾಸಿ ಸಾಹಿತ್ಯ’ದ ಪಟ್ಟಿಗಳಲ್ಲಿ ಅವರಿಗೆ ಈವರೆಗೆ ಹೆಚ್ಚಿನ ಸ್ಥಾನ ಸಿಕ್ಕಿಲ್ಲ. ನಮ್ಮ ದೇಶದ 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಯೂ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು, ಪಾಸಾದವರಿಗೆ ಬೇಕಿಲ್ಲ. ಅಲ್ಲಿಯ ಅಂಕಪಟ್ಟಿಗೂ ಇಲ್ಲಿಯ ಅಂಕಪಟ್ಟಿಗೂ ಉದ್ದೇಶ ಬೇರೆ. ಇಲ್ಲಿಯದು ರಕ್ಷಣೆಯ ಹೆಸರಿನಲ್ಲಿ ತಡೆಯುತ್ತದೆ, ಅಲ್ಲಿಯದು ಅರ್ಹತೆಯ ಹೆಸರಿನಲ್ಲಿ ಕರೆಯುತ್ತದೆ. ಎರಡೂ ಮನುಷ್ಯನನ್ನು ಕಾಗದದ ಮೇಲೆ ವಿಂಗಡಿಸಿಯೇ ಮುಂದೆ ಬಿಡುತ್ತವೆ.

ಇನ್ನು ಈ ಅವಧಿಯ ಕನ್ನಡದ ವಿಚಾರ. ಊರಿನಿಂದ ಬರುವ ದೂರವಾಣಿ ಕರೆಯಲ್ಲಿ ‘ಕೆಲಸ ಸಿಕ್ತೇನಪ್ಪ?’ ಎಂಬ ಪ್ರಶ್ನೆಗೆ ‘ನೋಡ್ತಾ ಇದೀನಿ ಅಮ್ಮ, ಮುಂದಿನ ವಾರ ಒಂದು ಇಂಟರ್‌ವ್ಯೂ ಇದೆ’ ಎಂಬ ಉತ್ತರ ತಿಂಗಳುಗಟ್ಟಲೆ ಬದಲಾಗದೆ ಉಳಿಯುತ್ತದೆ. ಉಗ್ರಾಣದ ಕೆಲಸ ಆ ಸಂಭಾಷಣೆಯಲ್ಲಿ ‘ಆಫೀಸು’ ಆಗುತ್ತದೆ. ಕನ್ನಡ ಇಲ್ಲಿ ಅಸ್ಮಿತೆಯ ಹೆಮ್ಮೆಯ ಭಾಷೆಯಾಗಿರುವುದಕ್ಕಿಂತ ಮರೆಮಾಚುವಿಕೆಯ ಭಾಷೆಯಾಗಿದೆ. ಸತ್ಯವನ್ನು ಹೇಳುವ ಭಾಷೆ ಉದ್ಯೋಗ ಸಲಹಾ ಕೇಂದ್ರದ ಇಂಗ್ಲಿಷ್. ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನಷ್ಟೇ ಆಕರವಾಗಿ ಇಟ್ಟುಕೊಂಡ ಸಂಶೋಧಕರಿಗೆ ಈ ಕನ್ನಡ ಸಿಗುವುದಿಲ್ಲ, ಏಕೆಂದರೆ ಸಂಚಿಕೆಗೆ ಬರೆಯುವ ಹೊತ್ತಿಗೆ ಲೇಖಕನಿಗೆ ಕೆಲಸ ಸಿಕ್ಕಿರುತ್ತದೆ.

ಕೆನಡಾ 2024ರ ಅಕ್ಟೋಬರಿನಲ್ಲಿ ತನ್ನ ಗುರಿಯನ್ನು ಕಡಿತಗೊಳಿಸಿ, 2025ಕ್ಕೆ ಮೊದಲು ಯೋಜಿಸಿದ್ದ 5 ಲಕ್ಷ ಕಾಯಂ ವಲಸಿಗರ ಬದಲಿಗೆ 3 ಲಕ್ಷ 95 ಸಾವಿರವೆಂದು ಘೋಷಿಸಿತು. ಬಾಗಿಲು ಕಿರಿದಾದಷ್ಟೂ ಒಳಗೆ ಹೋಗಿ ಕೆಲಸ ಸಿಗದೆ ಮರಳುವವರ ಕಥೆಗಳೂ ಬರಲಿವೆ. ಅವುಗಳನ್ನು ಓದಲು ನಮ್ಮ ವಿಭಾಗಗಳು ಕೃತಿಗಳಿಗಾಗಿ ಕಾಯಬೇಕಾಗಿಲ್ಲ. ಅರ್ಜಿಗಳು, ಹತ್ತು ಬಾರಿ ತಿದ್ದಿದ ರೆಸ್ಯೂಮೆಗಳು, ಮನೆಗೆ ಕಳುಹಿಸಿದ ಧ್ವನಿಸಂದೇಶಗಳು, ತಿರಸ್ಕಾರದ ಪತ್ರಗಳನ್ನು ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಸಂಗ್ರಹಿಸುವ ಕ್ಷೇತ್ರಕಾರ್ಯವನ್ನು ಜಾನಪದ ಅಧ್ಯಯನ ನಮಗೆ ಬಹಳ ಹಿಂದೆಯೇ ಕಲಿಸಿದೆ. ತಡಮಾಡಿದರೆ ಆಕರಗಳು ಉಳಿಯುವುದಿಲ್ಲ. ನಾನು ಕೇಳಿದವರಲ್ಲಿ ಹೆಚ್ಚಿನವರು, ಓದಿಗೆ ತಕ್ಕ ಕೆಲಸ ಸಿಕ್ಕ ವಾರವೇ ಆ ಕಡತಗಳನ್ನೆಲ್ಲ ಅಳಿಸಿಹಾಕಿದ್ದಾಗಿ ಹೇಳಿದರು.